ಬಣ್ಣ ಬಳಿದ ದನಿ

"ನನ್ನ ದನಿಗಿ ಬಣ್ಣಾ ಯಾಕ ಬಳದ್ರಿ?"

ಗೋಕಾಕದ ರೆಕಾರ್ಡಿಂಗ್ ಅಂಗಡಿಗೆ ನುಗ್ಗಿದ ಸುಜಾತಾಳ ಕಣ್ಣಲ್ಲಿ ಕೆಂಡ! ಅಂಗಡಿಯ ಭೀಮೇಶ ತಿರುಗುತ್ತಿದ್ದ ಟೇಪನ್ನೇ ನೋಡುತ್ತ ನಿಂತ. ಅವಳ ಮುಖ ನೋಡುವ ಧೈರ್ಯ ಎಲ್ಲಿಂದ ಬರಬೇಕು?

ಮೇಲವಂಕಿಯ ಈ ಹುಡುಗಿ ಚಿಕ್ಕಂದಿನಿಂದ ಜೋಳದ ಹೊಲದಲ್ಲಿ ಕೂಗಿ ಕೂಗಿ ಹಕ್ಕಿ ಓಡಿಸಿದವಳು. ದನಿ ಅಲ್ಲೇ ಒಡೆದುಹೋಯಿತು, ಹಾಡುವ ಹುಚ್ಚು ಮಾತ್ರ ಬಿಡಲಿಲ್ಲ. ಹುಕ್ಕೇರಿಯ ಸಂಬಂಧ ಬಂದಾಗ ವರನ ತಾಯಿ ಭರಮವ್ವ, "ನಮ್ದು ಭಜನಿ ಮನಿ. ಮೊದಲ ಹುಡುಗಿ ಹಾಡಿದ್ದು ಕಳಸ್ರಿ" ಎಂದಿದ್ದಳು. ಅದಕ್ಕೇ ಸುಜಾತಾ ಇಲ್ಲಿಗೆ ನಾಲ್ಕು ದಿನ ಬಂದು ಹಾಡಿದ್ದು. ಆ ವರನಿಗಾಗಿಯೇ ಎಂಬಂತೆ ಹಾಡಿದ್ದಳು, ಪಾಪ. ಟೇಪಿನಲ್ಲಿ ಕೇಳಿದಾಗ ತಾನೇ ಬೆರಗಾಗಿದ್ದಳು. ಎಂಥ ತುಂಬು ದನಿ!

ನಿನ್ನೆ ಹುಕ್ಕೇರಿಯವರು ಹೆಣ್ಣು ನೋಡಲು ಬಂದು ಎದುರಿಗೇ ಹಾಡಿಸಿದರು. ಎರಡನೆಯ ಸಾಲಿಗೇ ಭರಮವ್ವ ಎದ್ದು ನಿಂತಳು.

"ಯಾರ ದನಿ ಕಳಿಸಿ ಯಾರ್ನ ಕಟ್ಟಾಕ ನೋಡೀರಿ? ಮೋಸಗಾರ್ರು!"

ಓಣಿಗೆಲ್ಲ ಕೇಳಿತು. ಅಪ್ಪ ಅಪ್ಪಣ್ಣ ಆಗ ತಗ್ಗಿಸಿದ ತಲೆ ಇನ್ನೂ ಎತ್ತಿಲ್ಲ.

"ಹೇಳ್ರಿ!" ಸುಜಾತಾ ಚೀರಿದಳು.

"ಈ ಹಳೇ ಟೇಪಿಗೆ ಲೆವೆಲ್, ಅಂದ್ರ ಸದ್ದಿನ ಜೋರು, ಏರಿಸಿ ಹಾಕಿದ್ರ ದನಿಯ ಒಡಕು ಸವದ ಹೋಗ್ತೈತಿ. ದನಿ ಏರಸೂ ಈ ವಾಲ್ವಿನ ಡಬ್ಬಿ ತನ್ನ ಬಣ್ಣಾ ತಾ ತುಂಬತೈತಿ. ಎಲ್ಲಾರಿಗೂ ಚೂರು ಹಾಕ್ತೇನಿ... ನಿಮಗ ಬೇಕಂತನ ಪೂರಾ ಹಾಕಿದೆ."

"ಬೇಕಂತ?"

"ನಿಮ್ಮ ಖರೆ ದನಿ ಕಳಿಸಿದ್ರ ಹುಕ್ಕೇರಿಯವರು ಮೆಚ್ಚತಾರಂತ ಅಂಜಿದೆ. ಬಣ್ಣಾ ಬಳದ್ರ, ಎದರಿಗೆ ಕೇಳಿದಾಗ ಬ್ಯಾಡಂತಾರಂತ ಗೊತ್ತಿತ್ತು. ನೀವು ಬ್ಯಾರೆ ಮನಿಗಿ ಹೋಗೂದು ನನಗ ತಡಕೊಳ್ಳಾಕ ಆಗಲಿಲ್ಲ..."

ಫಟಾರನೆ ಅವನ ಕೆನ್ನೆಗೆ ಬಿತ್ತು. ಪ್ರೀತಿಯಂತೆ ಪ್ರೀತಿ! ಊರ ಮುಂದೆ ಮಾನ ಕಳೆದು ಈಗ ಪ್ರೀತಿಯ ಮಾತೇ? ಅದಕ್ಕಿಂತ ಸಂಕಟದ ವಿಷಯವೆಂದರೆ, ಆ ಮಾತಿಗೆ ಅವಳ ಎದೆ ಝಲ್ಲೆಂದಿತ್ತು. ಹಾಳು ಎದೆ!

"ಹುಕ್ಕೇರಿಗಿ ನಡೀರಿ. ಅವರ ಪಡಸಾಲ್ಯಾಗ ಇದನ್ನ ಹೇಳ್ರಿ. ನಮ್ಮಪ್ಪ ಮೋಸಗಾರ ಅಲ್ಲ!"

ಹೇಳಿದ. ಹುಕ್ಕೇರಿಯಲ್ಲಿ, ಜೊತೆಗೆ ಬಂದ ಅಪ್ಪಣ್ಣನ ಎದುರೇ ಒಂದಕ್ಷರ ಮುಚ್ಚಿಡದೆ ಹೇಳಿದ. ವರನ ಅಣ್ಣ ಸಿದ್ರಾಯ ಭೀಮೇಶನ ಅಂಗಿ ಹಿಡಿದು ಬಡಿದ. ತುಟಿ ಒಡೆದು ರಕ್ತ ಬಂತು. ಸುಜಾತಾ ನೋಡುತ್ತ ನಿಂತಳು, ಬಿಡಿಸಲಿಲ್ಲ.

ಕೊನೆಗೆ ಭರಮವ್ವ ಅಂದಳು, "ಹುಡುಗಿ ತಪ್ಪಿಲ್ಲ ಅಂದಂಗಾತು. ಆಗ್ಲಿ, ಸೊಸಿ ಮಾಡ್ಕೋತೇವಿ. ಆದ್ರ ನಮ್ಮ ಮನ್ಯಾಗ ಆಕಿ ಆ ಒಡಕ ದನೀಲೆ ಹಾಡಬಾರದು."

ಭೀಮೇಶನ ಮುಖ ಕಪ್ಪಿಟ್ಟಿತು. ಮುರಿದ ಲಗ್ನವನ್ನು ತಾನೇ ಬಂದು ಕೂಡಿಸಿಕೊಟ್ಟಂತಾಯಿತಲ್ಲ!

ಅಪ್ಪಣ್ಣ ತಲೆ ಎತ್ತಿದ. "ನಿನಗ ತಿಳದಂಗ ಮಾಡವಾ, ಮಗಳ."

"ನನಗ ಈ ಮನಿ ಬ್ಯಾಡ್ರಿ," ಅಂದಳು ಸುಜಾತಾ.

ಹೊರಗೆ ಅಪ್ಪ ಗಾಡಿ ತರಲು ಹೋದ. ಅವಳು ಭೀಮೇಶನ ಎದುರು ನಿಂತಳು.

"ಖರೆ ಹೇಳ್ರಿ. ನಿಮಗ ಯಾವ ದನಿ ಬೇಕು?"

"ಒಂದ ಹಾಡಿಗೆ ನಿಮ್ಮನ್ನ ನಾಕು ದಿನಾ ಕರಸಿದ್ದೆ. ಟೇಪಿಗೆ ಒಂದ ದಿನ ಸಾಕಿತ್ರಿ. ಉಳದ ಮೂರು ದಿನಾ ನನ್ನ ಕಿವಿಗಿ."

ಅವಳ ಕಣ್ಣು ತುಂಬಿದವು. ಸೆರಗಿನ ತುದಿಯಿಂದ ಅವನ ತುಟಿ ಒರೆಸಿದಳು, ಬೇಕೆಂದೇ ಗಟ್ಟಿಯಾಗಿ.

"ಆಹ್...!"

"ನೋಯ್ಲಿ! ನಾ ಇನ್ನೂ ಮಾಫ್ ಮಾಡಿಲ್ಲ. ಜೀವಮಾನಾ ಬೈತೇನಿ."

"ಬೈರಿ... ಬಾಜೂಕ ಕುಂತ ಬೈರಿ."