ತಾತನ ಸರದಿ

“ಎಲ್ಲಿಗೆ ಹೋದವು... ನನ್ನ ಮಾತೆಲ್ಲ?”

ತಾತ ಕೇಳಿದ್ದು ಯಾರನ್ನೂ ಅಲ್ಲ, ಕಿಟಕಿಯಾಚೆಯ ಖಾಲಿ ಬೀದಿಯನ್ನು. ಅಷ್ಟು ಕೇಳುವುದಕ್ಕೇ ಅವರಿಗೆ ಬಹಳ ಹೊತ್ತು ಹಿಡಿಯಿತು.

ರೈಲ್ವೆ ಸ್ಟೇಷನ್ನಿನ ಮೈಕಿನಲ್ಲಿ ಯಾವ ರೈಲು ಯಾವ ಪ್ಲಾಟ್‌ಫಾರ್ಮಿಗೆ ಎಂದು ಸಾರುತ್ತಿದ್ದ ಗಂಟಲು ಅದು. ಲಕ್ವ ಹೊಡೆದ ಮೇಲೆ ನಾಲಿಗೆ ಅರ್ಧ ಮಲಗಿಬಿಟ್ಟಿತ್ತು.

ಮೊಮ್ಮಗಳು ಗುಬ್ಬಿ, ಪುಸ್ತಕ ಹಿಡಿದು ಮಂಚದ ಮೇಲೆ ಕೂತಳು. ಅವಳದೂ ನಾಲಿಗೆಯ ಕಷ್ಟವೇ. ನಾಳೆ ಅಸೆಂಬ್ಲಿಯಲ್ಲಿ ಇಡೀ ಸ್ಕೂಲಿನ ಮುಂದೆ ಒಂದು ಪುಟ ಓದಬೇಕು. ಓದಲು ನಿಂತರೆ ಅವಳ ನಾಲಿಗೆ ಓಡುತ್ತದೆ, ಓಡಿ ಎಡವುತ್ತದೆ. ಎಡವಿದ ಕೂಡಲೇ ಕ್ಲಾಸ್ ಲೀಡರ್ ಆ ಪದವನ್ನು ತಾನೇ ಹೇಳಿಬಿಡುತ್ತಾಳೆ. “ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಕೊಂಡಿದೀಯೇನೇ?” ಎಂದು ಹಿಂದಿನ ಬೆಂಚು ನಗುತ್ತದೆ.

“ತಾತ, ಮೈಕ್ ಹಾಕೋಕ್ ಮುಂಚೆ ನಾಲಿಗೆ ಹೊರಳಿಸೋಕೆ ಒಂದು ಸಾಲು ಹೇಳ್ಕೊಳ್ತಿದ್ರಲ್ಲ, ಅದನ್ನ ಹೇಳೋಣ್ವಾ?”

ತಾತನ ಕಣ್ಣು ಮಿನುಗಿತು. ಮನೆಯವರಿಗೆಲ್ಲ ಕೇಳಿ ಕೇಳಿ ಬಾಯಿಪಾಠವಾಗಿದ್ದ ಸಾಲು. ಗುಬ್ಬಿ ಒಂದೇ ಉಸಿರಿಗೆ ಶುರುಮಾಡಿದಳು.

“ಹಳಿಯ ಸರಳು, ಸರಳಿನ ನೆರಳು, ನೆಳರಿಗೆ ಹೊಳರಿತು...”

“ಎಕ್ಸ್‌ಪ್ರೆಸ್ ಬೇಡ,” ತಾತ ತಡೆದರು. “ಗೂಡ್ಸ್ ಗಾಡಿ... ಒಂದೊಂದು ಡಬ್ಬಿನೂ... ಕಾಣ್ಬೇಕು.”

ಅವರು ಬೆರಳಿನಿಂದ ಮಂಚದ ಪಟ್ಟಿ ತಟ್ಟಿದರು. ಆ ತಾಳಕ್ಕೆ ಗುಬ್ಬಿ ಹೆಜ್ಜೆಯಿಟ್ಟಂತೆ ಹೇಳಿದಳು: “ಹಳಿಯ ಸರಳು, ಸರಳಿನ ನೆರಳು, ನೆರಳಿಗೆ ಹೊರಳಿತು ಹರಳಿನ ಮರಳು.”

ಒಂದಕ್ಷರವೂ ತಪ್ಪಲಿಲ್ಲ.

“ಈಗ... ನನ್ನ ಸರದಿ,” ಎಂದರು ತಾತ. “ಹಳಿಯ... ಸರಳು. ಸರಳಿನ... ನೆರಳು. ನೆರಳಿಗೆ... ಹೊ... ಹೊ...”

“ಹೊರಳಿತು,” ಎಂದಳು ಗುಬ್ಬಿ.

ತಾತ ಮತ್ತೆ ಮೊದಲಿಂದ ಹೊರಟರು. ಮತ್ತೆ ಅಲ್ಲೇ ನಿಂತರು.

“ಹೊರಳಿತು, ತಾತ.”

ತಾತ ಬಾಯಿ ಮುಚ್ಚಿಕೊಂಡರು. ಮುಖ ಕಿಟಕಿಯ ಕಡೆ ತಿರುಗಿತು.

ಗುಬ್ಬಿಗೆ ಆ ಮುಚ್ಚಿದ ಬಾಯಿಯ ಗುರುತು ಸಿಕ್ಕಿತು. ಲೀಡರ್ ಪದ ಕಿತ್ತುಕೊಂಡಾಗ ತನ್ನ ಬಾಯಿಯೂ ಹೀಗೇ ಮುಚ್ಚಿಕೊಳ್ಳುತ್ತಿತ್ತು. ಅವಳ ಕಿವಿ ಬಿಸಿಯಾಯಿತು.

“ಇನ್ನೊಂದ್ಸಲ ಹೇಳಿ ತಾತ. ನಾನು ಸುಮ್ನೆ ಇರ್ತೀನಿ.”

ಅವಳು ಪಟ್ಟಿ ತಟ್ಟುತ್ತಾ ಕಾದಳು. ಬೀದಿಯಲ್ಲಿ ಒಂದು ಸೈಕಲ್ ಬಂತು, ಹೋಯಿತು. ತಾತನ ತುಟಿ ಒಂದು ಕಡೆಗೆ ಎಳೆಯಿತು. ಗುಬ್ಬಿ ತನ್ನ ತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಳು.

“ಹೊ... ರ... ಳಿ... ತು,” ಎಂದರು ತಾತ. ಆಮೇಲೆ ಹರಳು ಬಂತು. ಕೊನೆಯ ಡಬ್ಬಿಯಂತೆ ಮರಳೂ ಬಂತು.

ಮರುದಿನ ಬೆಳಿಗ್ಗೆ ಅಸೆಂಬ್ಲಿ ಗಪ್‌ಚುಪ್ ನಿಂತಿತ್ತು. ಗುಬ್ಬಿ ಮೂರು ಸಾಲು ಚೆನ್ನಾಗಿ ಓದಿದಳು. ನಾಲ್ಕನೆಯದರಲ್ಲಿ ಒಂದು ಪದ ಗಂಟಲಿಗೆ ಅಡ್ಡ ನಿಂತಿತು. ಹಿಂದೆ ಯಾರೋ ಕಿಸಕ್ಕೆಂದರು. ಲೀಡರ್ ಪಕ್ಕಕ್ಕೆ ಬಂದು ಕೈ ಚಾಚಿದಳು.

“ಪುಸ್ತಕ ಕೊಡೇ. ಎಲ್ರೂ ಕಾಯ್ತಿದಾರೆ. ನಾನು ಓದಿ ಮುಗಿಸ್ತೀನಿ.”

ಗುಬ್ಬಿ ಪುಟದ ಅಂಚನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದಳು. ಮೈಕ್ ಆನ್ ಇತ್ತು. ಅವಳ ಮಾತು ಕೊನೆಯ ಸಾಲಿನ ಮಕ್ಕಳವರೆಗೂ ಬಿಡಿಬಿಡಿಯಾಗಿ ಕೇಳಿಸಿತು.

“ಕೊಡಲ್ಲ.”