ಒಣಗಬಾರದ ನಳಿಗೆ

ಮಾರ್ಚ್ ಹನ್ನೊಂದರ ಬೆಳಿಗ್ಗೆ ಹತ್ತೂವರೆಗೆ ನೌಬಾದದ ಔಷಧ ಪರೀಕ್ಷಾಲಯದ ಮಾಲೀಕ ಭಾಲಚಂದ್ರ ಠಾಣೆಗೆ ಬಂದು ಮೇಜು ಗುದ್ದಿದ. ಕಳುವಾದದ್ದು ಪೆನ್ನಿನಷ್ಟುದ್ದದ ಒಂದು ಉಕ್ಕಿನ ನಳಿಗೆ. ಇಷ್ಟಕ್ಕೇ ಇಷ್ಟು ರಂಪವೇ ಎಂದುಕೊಳ್ಳುತ್ತಲೇ ಇನ್‌ಸ್ಪೆಕ್ಟರ್ ವೈಜಿನಾಥ ಎಫ್‌ಐಆರ್ ದಾಖಲಿಸಿದರು.

ಸ್ಥಳ ಪಂಚನಾಮೆ ನಡೆಯಿತು. ಬೀಗ ಮುರಿದಿರಲಿಲ್ಲ. ಕಳುವಾದದ್ದಕ್ಕಿಂತ ದುಬಾರಿ ನಳಿಗೆಗಳು ಕಪಾಟಿನಲ್ಲೇ ಇದ್ದವು. ಕಳ್ಳ ಒಂದನ್ನೇ ಒಯ್ದಿದ್ದ, ಜೊತೆಗೆ ಅದರ ಎರಡು ಪುಟ್ಟ ಬಿರಡೆಗಳನ್ನೂ.

"ಬಿರಡಿ ಯಾಕ ಬೇಕಿತ್ರಿ?" ಕಾನ್‌ಸ್ಟೇಬಲ್ ಮಹಾಮಾಯಾ ಕೇಳಿದಳು.

"ಒಳಗ ಕೊಬ್ಬಿನ ಪದರ ಬಳದದ್ದದರಿ, ನಮ್ಮ ಜೀವಕೋಶದ ಪೊರಿ ಇದ್ದಂಗ. ಔಷಧ ಪೊರಿ ದಾಟ್ತದೋ ಇಲ್ಲೋ ಅದರಾಗ ನೋಡ್ತೀವಿ. ಬಿರಡಿ ಇಲ್ಲಂದ್ರ ಒಣಗಿ ಕೆಡ್ತದ," ಎಂದ ಮಾಲೀಕ.

"ಬಳದವ್ರು ಯಾರು?"

ಭಾಲಚಂದ್ರ ತಡವರಿಸಿದ. "ಸಪನಾ. ಭಾತಂಬ್ರಾದಾಕಿ. ರಜಾ ಮ್ಯಾಲ ಅದಾಳ."

ಮಾರಿಕೊಳ್ಳುವ ಕಳ್ಳ ಬಿರಡೆಯ ಗೊಡವೆಗೆ ಹೋಗುತ್ತಾನೆಯೇ? ಜೀಪು ಭಾತಂಬ್ರಾಕ್ಕೆಂದು ಭಾಲ್ಕಿ ರಸ್ತೆ ಹಿಡಿಯಿತು.

ಮನೆ ಬಾಗಿಲಿಗೆ ಪೊಲೀಸರು ಬಂದರೂ ಸಪನಾ ಓಡಲಿಲ್ಲ. ನೀರಿನ ಹರವಿಯ ಬುಡದ ಹಸಿ ಉಸುಕಿನಿಂದ ಬಟ್ಟೆ ಸುತ್ತಿದ ನಳಿಗೆ ತೆಗೆದು ಮುಂದಿಟ್ಟಳು.

"ನಾನೇ ಒಯ್ದೀನ್ರಿ. ಬರಕೋರಿ."

"ಯಾಕ?" ವೈಜಿನಾಥ ಕೇಳಿದರು.

"ಮಕ್ಕಳ ಕೆಮ್ಮಿನ ಔಷಧ ಬಂದಿತ್ರಿ. ಮೆದುಳಿಗಿ ಹೋಗಂಗಿಲ್ಲ ಅಂತ ಕಂಪನಿಯವ್ರ ಮಾತು. ಇದರಾಗ ಬಿಟ್ರ ಪದರಕ್ಕ ಗಟ್ಟಿ ಹಿಡಕೊಂಡು ಕೂಡ್ತು. ಹಂಗ ಹಿಡಕೊಂಡ್ರ ಪೊರಿ ದಾಟಿ ಮೆದುಳಿಗೂ ಹೋಗ್ತದ ಅಂತನೇ ಅರ್ಥ. ಸಾಹೇಬ್ರು ಏನಂದ್ರು ಗೊತ್ತೇನ್ರಿ? ಸ್ಪಿರಿಟ್ ಹಾಕಿ ಪದರ ತೊಳದುಬಿಡು, ಮತ್ತ ಪರೀಕ್ಷಾ ಮಾಡು. ಪದರೇ ಇಲ್ಲಂದ್ರ ಔಷಧ ಯಾವುದಕ್ಕ ಹಿಡೀತದ? ಪಾಸ್! ತೊಳಿಯಂಗಿಲ್ಲ ಅಂದೆ. ರಜಾ ಹಾಕು ಅಂದ್ರು. ಹಾಕ್ದೆ. ಇದನ್ನೂ ತಗೊಂಡು ಬಂದೆ."

"ಜೇಲಾಗ್ತದ, ತಂಗಿ."

"ಆಗ್ಲಿ ಬಿಡ್ರಿ! ಅವ್ರೇ ಫಿರ್ಯಾದಿ ಕೊಟ್ಟು ಇದನ್ನ ಕೋರ್ಟಿನ ಮುದ್ದೆಮಾಲು ಮಾಡ್ಯಾರ. ಸೀಲ್ ಹಾಕಿ ಸರ್ಕಾರಿ ಲ್ಯಾಬಿಗಿ ಕಳಸ್ರಿ. ಈಗ ಹ್ಯಾಂಗ ತೊಳೀತಾರ ನೋಡ್ತೀನಿ."

ಎಂಥ ಗಟ್ಟಿಗಿತ್ತಿ! ವೈಜಿನಾಥರಿಗೆ ಒಳಗೊಳಗೇ ಖುಷಿಯಾಯಿತು. ಆದರೂ ಕಳವು ಕಳವೇ. ಪಂಚರ ಸಹಿ ಪಡೆದು, ಹೊತ್ತು ಮುಳುಗುವ ಮುನ್ನ ಬಂಧನ ದಾಖಲಿಸಿದರು. ಅವಳ ಹೇಳಿಕೆಯನ್ನು ಒಂದಕ್ಷರ ಬಿಡದೆ ಬರೆಸಿದರು.

ಸುದ್ದಿ ತಿಳಿದು ಭಾಲಚಂದ್ರ ಠಾಣೆಗೆ ಓಡಿಬಂದ. "ಪಾಪ, ಹುಡುಗಿ ತಿಳೀದೆ ಮಾಡ್ಯಾಳ. ಕೇಸ್ ವಾಪಸ್ ತಗೋತೀನ್ರಿ. ನಂದು ನನಗ ಕೊಟ್ಟುಬಿಡ್ರಿ."

"ಕೋರ್ಟಿನಾಗ ಕೇಳ್ರಿ. ನೀವೂ ಕೂಡ್ರಿ, ಆ ಔಷಧದ ಬಗ್ಗೆ ಮಾತಾಡೋದದ." ಇನ್‌ಸ್ಪೆಕ್ಟರ್ ಕುರ್ಚಿ ತೋರಿಸಿದರು.

ಮಹಾಮಾಯಾ ಸೀಲು ಮಾಡಿದ ನಳಿಗೆಯನ್ನು ಠಾಣೆಯ ಹರವಿಯ ಬುಡದ ಉಸುಕಿನಲ್ಲಿ ಹೂತಿಟ್ಟಳು.

"ಬಿರಡಿ ಬಿಗಿ ಅವೇನ್ರಿ?" ಬೆಂಚಿನಿಂದ ಆರೋಪಿ ಕೂಗಿದಳು.

"ಬಿಗಿ ಅವ ತಂಗಿ," ಎಂದರು ವೈಜಿನಾಥ. "ನಾನೇ ನೋಡೀನಿ."