ಹತ್ತೊಂಬತ್ತು ಹೆಬ್ಬೆಟ್ಟು

ನೀಲಗಂಗಾ ನನ್ನನ್ನು ನೋಡಿ ಮೊದಲ ಸಲ ನಕ್ಕಿದ್ದು ನನ್ನ ಬೆವರಿಗಾಗಿ.

೧೯೭೯ರ ಜುಲೈ. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯಬೇಕೇ, ಕಾಡನ್ನು ಉಳಿಸಬೇಕೇ ಎಂದು ದೇಶವೆಲ್ಲ ವಾದಿಸುತ್ತಿದ್ದ ಕಾಲ. ಸೊಲ್ಲಾಪುರದ ಒಂದು ವಾಚನಾಲಯ ಅದೇ ವಿಷಯದ ಮೇಲೆ ಚರ್ಚಾಸ್ಪರ್ಧೆ ಇಟ್ಟಿತ್ತು: ರಾಷ್ಟ್ರದ ವಿದ್ಯುತ್ ನೀತಿಗೆ ಗಿಡಮರಗಳ ಪಕ್ಷದವರು ಅಡ್ಡ ನಿಲ್ಲಬಹುದೇ? ವಾಗದರಿಯ ಆಚೆಗಿನ ಒಂದು ವಸ್ತಿಯಲ್ಲಿ, ಅಂದರೆ ಹೊಲಗಳ ನಡುವಿನ ಸಣ್ಣ ಊರಿನಲ್ಲಿ, ಕನ್ನಡ ಶಾಲೆಯ ಮಾಸ್ತರನಾಗಿದ್ದ ನಾನು, ಶಂಕರೆಪ್ಪ, ಕಾಡಿನ ಪರ. ಸೊಲ್ಲಾಪುರದ ನೂಲಿನ ವ್ಯಾಪಾರಿ ಸಾತಲಿಂಗಪ್ಪನವರ ಮಗಳು, ಅಕ್ಕಲಕೋಟೆಯ ಹೆಣ್ಣುಮಕ್ಕಳ ಶಾಲೆಯ ಶಿಕ್ಷಕಿ ನೀಲಗಂಗಾ, ವಿದ್ಯುತ್ತಿನ ಪರ.

ದೀಪದ ಆಸೆಗೆ ಕಾಡನ್ನು ಬಲಿಗೊಡುವವರನ್ನು ಮೊಮ್ಮಕ್ಕಳು ಕ್ಷಮಿಸಲಾರರು ಎಂದು ನಾನು ಗುಡುಗುತ್ತಿದ್ದೆ. ಅವಳು ಮೆಲ್ಲನೆ ಎದ್ದಳು. ಗೋಡೆಯ ಬಳಿಗೆ ಹೋಗಿ ನನ್ನ ತಲೆಯ ಮೇಲಿನ ಫ್ಯಾನಿನ ಬಟನ್ ಒತ್ತಿದಳು. ಫ್ಯಾನು ಎರಡು ಸುತ್ತು ತಿರುಗಿ ನಿಂತಿತು.

"ನಿಮ್ಮ ತತ್ವಕ್ಕ ತ್ರಾಸ ಆಗಬಾರದಂತ ಬಂದ್ ಮಾಡೀನ್ರಿ, ಮಾಸ್ತರ. ಮುಂದ ಹೇಳ್ರಿ."

ಸಭೆ ನಕ್ಕಿತು. ನನ್ನ ಮೂಗಿನ ತುದಿಯ ಬೆವರು ಟಿಪ್ಪಣಿಯ ಮೇಲೆ ತೊಟ್ಟಿಕ್ಕಿತು. ಅವಳು ಸೆರಗಿನ ಅಂಚನ್ನು ತುಟಿಗೆ ಒತ್ತಿಕೊಂಡಿದ್ದಳು, ಆದರೆ ಕಣ್ಣಿಗೆ ಸೆರಗು ಸಾಲಲಿಲ್ಲ. ಆ ಕಣ್ಣುಗಳನ್ನು ನೋಡಿ ನಾನು ಓದುತ್ತಿದ್ದ ಸಾಲು ತಪ್ಪಿತು.

ಸಾಲು ತಪ್ಪಿದ ಅವಮಾನಕ್ಕೆ ಕಿಸೆಯಿಂದ ಒಂದು ಅರ್ಜಿಯ ಪ್ರತಿಯನ್ನು ತೆಗೆದೆ. ನಮ್ಮ ವಸ್ತಿಗೆ ವಿದ್ಯುತ್ ಲೈನ್ ಎಳೆಯಲು ಹನ್ನೊಂದು ಬೇವಿನ ಮರ ಕಡಿಯಬೇಕಾಗಿತ್ತು. "ನಮಗೆ ಕರೆಂಟು ಬೇಡ, ನೆರಳು ಬೇಕು" ಎಂದು ಹತ್ತೊಂಬತ್ತು ಮಂದಿ ಓದುಬರಹ ಅರಿಯದ ತಾಯಂದಿರು ಹೆಬ್ಬೆಟ್ಟು ಒತ್ತಿ ಲೈನನ್ನೇ ನಿಲ್ಲಿಸಿದರು ಎಂದು ಹೇಳಿದೆ. ಈ ತಾಯಂದಿರಿಗೆ ತಿಳಿದದ್ದು ದಿಲ್ಲಿಗೆ ತಿಳಿಯದೇ ಎಂದು ಕೇಳಿದೆ. ಚಪ್ಪಾಳೆ ಬಿತ್ತು. ಬಹುಮಾನದ ಢಾಲು ನನ್ನ ಕೈಗೆ ಬಂತು.

ಮೆಟ್ಟಿಲ ಬಳಿ ಅವಳು ಕಾದು ನಿಂತಿದ್ದಳು. ನಗೆ ಇರಲಿಲ್ಲ, ಅದರ ಜಾಗದಲ್ಲಿ ಇನ್ನೂ ಮೃದುವಾದ ಏನೋ ಇತ್ತು.

"ನಾ ನಿಮಗ ಸೋತಿಲ್ಲರಿ. ಆ ಹತ್ತೊಂಬತ್ತು ಮಂದಿಗೆ ಸೋತೀನಿ."

ಬೇರೆ ದೇವರಿಗೆ ತಂದ ನೈವೇದ್ಯವನ್ನು ನಾನು ಉಂಡೆ. ನಿಜ ಹೇಳಬೇಕೆಂದರೆ ಆ ತಾಯಂದಿರು ಅಂಥ ಮಾತು ಆಡಿರಲೇ ಇಲ್ಲ. ನಮ್ಮ ಸೀಮೆ ಮಹಾರಾಷ್ಟ್ರದಲ್ಲಿದ್ದುದರಿಂದ ವಿದ್ಯುತ್ ಕಚೇರಿಗೆ ಮರಾಠಿಯಲ್ಲೇ ಬರೆಯಬೇಕಿತ್ತು. ಓದಿ ಹೇಳಿದರೂ ಅವರಿಗೆ ಆ ಮರಾಠಿ ತಿಳಿಯದು. ಶಾಲೆಯ ಪಡಸಾಲೆಯಲ್ಲಿ ಕನ್ನಡದಲ್ಲಿ ನಾನು ಹೇಳಿದ್ದು ಅರ್ಧ: ಗಿಡ ಕಡಿಯಬಾರದೆಂದು ಅರ್ಜಿ. "ಆದಕಾರಣ ನಮಗೆ ಲೈನ್ ಬೇಡ" ಎಂಬ ಉಳಿದರ್ಧವನ್ನು ಹೇಳಲಿಲ್ಲ. ಹೇಳಿದರೆ ಒತ್ತುವುದಿಲ್ಲವೆಂಬ ಶಂಕೆ ಇತ್ತು. ದಿನವೂ ಕರಿಹಲಗೆಯ ಮೇಲೆ "ಸತ್ಯವನ್ನೇ ಹೇಳು" ಎಂದು ಬರೆಯಿಸುತ್ತಿದ್ದವನು ನಾನು.

ರವಿವಾರ ಸೊಲ್ಲಾಪುರದಲ್ಲಿರುತ್ತಿದ್ದ ನಾವಿಬ್ಬರೂ ಪ್ರತಿ ಸೋಮವಾರ ಬೆಳಿಗ್ಗೆ ಅಲ್ಲಿಂದ ಅಕ್ಕಲಕೋಟೆಗೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ದಾರಿಯ ಕುಂಭಾರಿ ಊರು ದಾಟುವವರೆಗೆ ಅವಳು ನನ್ನ ಹಿಂದಿನ ಸೀಟಿನಲ್ಲಿ ಕೂತು ಮಾತಿನಲ್ಲೇ ಅಣೆಕಟ್ಟು ಕಟ್ಟುತ್ತಿದ್ದಳು. ಅಲ್ಲಿಂದ ಮುಂದೆ ನಾನು ಅದನ್ನು ಒಡೆಯುತ್ತಿದ್ದೆ. ಲೋಡ್‌ಶೆಡ್ಡಿಂಗಿನ ದಿನ ಕರೆಂಟು ಮಗ್ಗದವರ ಮನೆಯ ಒಲೆ ಹೊತ್ತುವುದಿಲ್ಲ, ಅದು ನಿಮ್ಮ ಲೆಕ್ಕದಲ್ಲಿ ಬಂತೇ ಎಂದು ಕೇಳುತ್ತಿದ್ದಳು. ನಾನು ಮಾತು ಹೊರಳಿಸಿದಾಗ ಕಿಟಕಿಯ ಕಡೆ ತಿರುಗಿ ತಾನೇ ನಗುತ್ತಿದ್ದಳು. ಗಾಜಿನಲ್ಲಿ ಆ ನಗೆಯನ್ನು ನಾನು ಕದ್ದು ನೋಡುತ್ತೇನೆಂದು ಅವಳಿಗೆ ಗೊತ್ತಿತ್ತು. ಆ ಹೆಣ್ಣುಮಕ್ಕಳನ್ನು ಕಾಣಬೇಕೆಂದು ಅವಳು ಕೇಳಿದಾಗಲೆಲ್ಲ ನಾನು ಮಳೆ, ಕೆಸರು, ಪರೀಕ್ಷೆ ಎಂದೆ.

ಶ್ರಾವಣದ ಮೊದಲ ಸೋಮವಾರ ನೆವ ತೀರಿತು. ಶಾಲೆ ಅರ್ಧ ದಿನ. ಮಧ್ಯಾಹ್ನದ ಬಸ್ಸಿಗೆ ಅವಳು ವಸ್ತಿಯಲ್ಲಿ ಇಳಿದಳು, ಕೈಯಲ್ಲಿ ಪೇಢೆಯ ಪುಡಿಕೆ.

ಆ ವರ್ಷ ಡೀಸೆಲ್ ಸಿಗುತ್ತಿರಲಿಲ್ಲ. ವಸ್ತಿಯ ಹಿಟ್ಟಿನ ಗಿರಣಿ ತಿಂಗಳಿಂದ ಮುಚ್ಚಿತ್ತು. ಹೆಬ್ಬೆಟ್ಟು ಒತ್ತಿದವರಲ್ಲಿ ಒಬ್ಬಳಾದ ರಖಮಾಬಾಯಿ ಅಟ್ಟದ ಮೇಲಿದ್ದ ಬೀಸುಕಲ್ಲನ್ನು ಇಳಿಸಿಕೊಂಡು, ಬೊಬ್ಬೆಯೆದ್ದ ಅಂಗೈಗೆ ಅರಿವೆ ಸುತ್ತಿ, ಜೋಳ ಬೀಸುತ್ತಿದ್ದಳು. ನೀಲಗಂಗಾ ಎದುರಿಗೆ ಕೂತು ಗೂಟಕ್ಕೆ ತಾನೂ ಕೈ ಹಚ್ಚಿದಳು. ಕರೆಂಟು ಬೇಡವೆಂದು ಗಿಡ ಉಳಿಸಿದ ತಾಯಿಯನ್ನು ನೋಡಲು ಬಂದಿದ್ದೇನೆ ಎಂದಳು.

ಕಲ್ಲು ನಿಂತಿತು.

"ಗಿಡ ಉಳೀಲಂತ ಒತ್ತೀನಿ, ಖರೆ. ಕರೆಂಟ ಬ್ಯಾಡಂತ ಯಾರಂದ್ರು, ಬಾಯಾರ?" ರಖಮಾಬಾಯಿ ನನ್ನತ್ತ ತಿರುಗಿದಳು. ಮುಖದಲ್ಲಿ ಸಂಶಯದ ಎಳೆಯೂ ಇರಲಿಲ್ಲ. "ನಾ ಎಲ್ಲಾರಿಗೂ ಹೇಳಾಕತ್ತೀನಿ, ಮಾಸ್ತರ ಅರ್ಜ ಕೊಟ್ಟಾರ, ಲೈನ್ ಬರತೈತಿ ಅಂತ. ಯಾವಾಗ ಬರತೈತ್ರಿ?"

ನಾನು ನೆಲ ನೋಡಿದೆ. ನೀಲಗಂಗಾ ನನ್ನನ್ನು ನೋಡಿದಳು. ಮತ್ತೆ ಗೂಟ ಹಿಡಿದು ಮೊರದ ಜೋಳ ಮುಗಿಯುವವರೆಗೂ ಬೀಸಿದಳು. ಬಸ್ಸು ಹತ್ತುವಾಗ ಮಾತ್ರ ಹೇಳಿದಳು: "ಅವರ ಕೈ ನೋಡ್ರಿ ಒಮ್ಮೆ. ಹೆಬ್ಬಟ್ಟು ಬಿಟ್ಟು ಉಳಿದದ್ದು ನೋಡ್ರಿ."

ಕಾಡಿನ ಪರ ನಾನು ಆಡಿದ ಮಾತನ್ನು ಇಂದಿಗೂ ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಬಡವರನ್ನು ಕೇಳದೆ ಅವರ ಹೆಸರಿನಲ್ಲಿ ಅಣೆಕಟ್ಟು ಕಟ್ಟುವವನಿಗೂ, ಕೇಳದೆ ಅವರ ಹೆಸರಿನಲ್ಲಿ ಗಿಡ ಕಾಯುವವನಿಗೂ ಏನು ಭೇದ? ದಿಲ್ಲಿಯನ್ನು ಬೈದ ಬಾಯಿಂದಲೇ ನಾನು ದಿಲ್ಲಿಯ ಕೆಲಸ ಮಾಡಿದ್ದೆ.

ಶನಿವಾರ ವಾಚನಾಲಯಕ್ಕೆ ಢಾಲನ್ನು ಮರಳಿಸಿ, ಕಾರಣವನ್ನು ಬರೆದುಕೊಟ್ಟೆ. ಅದಕ್ಕೂ ಮೊದಲೇ, ಮಂಗಳವಾರ, ನೀಲಗಂಗಾಳ ಶಾಲೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿದ್ದೆ: ಎರಡನೆಯ ಶ್ರಾವಣ ಸೋಮವಾರ ಬೇವಿನ ಕೆಳಗೆ ಹಳೆಯ ಅರ್ಜಿಯನ್ನು ಪೂರ್ತಿಯಾಗಿ ಕನ್ನಡದಲ್ಲಿ ಓದುತ್ತೇನೆ. ಬನ್ನಿ ಎಂದು ಬರೆಯುವ ಧೈರ್ಯ ಬರಲಿಲ್ಲ.

ಅವಳು ಬಂದಳು, ದೂರ ನಿಂತಳು. ನಾನು ಓದಿದೆ, ಮೋಸ ಮಾಡಿದ್ದೇನೆಂದು ಒಪ್ಪಿಕೊಂಡೆ. ಹೆಂಗಸರು ಬೈಯುತ್ತಾರೆಂದುಕೊಂಡಿದ್ದೆ. ಅವರು ನನ್ನನ್ನು ಬಿಟ್ಟು ಬೇವಿನ ಸಾಲನ್ನು ನೋಡಿದರು. ಕಡೆಗೆ ರಖಮಾಬಾಯಿ, ಕಂಬಗಳು ಗಿಡದ ಸಾಲಿನಲ್ಲೇ ಏಕೆ ಬರಬೇಕು ಎಂದು ಕೇಳಿದಳು. ತನ್ನ ಹೊಲದ ಬದುವಿನ ಮೇಲೆ ಎರಡು, ಪಕ್ಕದ ಹುಲೆಪ್ಪನ ಹೊಲದಲ್ಲಿ ಒಂದು ನೆಟ್ಟರೆ ಒಂದು ಗಿಡವೂ ಬೀಳುವುದಿಲ್ಲ ಎಂದಳು. ನಾನು ಕೇಳಿದ್ದರೆ ಮೊದಲೇ ಹೇಳುತ್ತಿದ್ದಳು. ನಾನು ಕೇಳಿರಲಿಲ್ಲ.

ಅಲ್ಲಿಯೇ ಕೂತು ಮರಾಠಿಯಲ್ಲಿ ಹೊಸ ಅರ್ಜಿ ಬರೆದೆ, ಕನ್ನಡದಲ್ಲಿ ಹೇಳಿದೆ. ಶಾಯಿಯ ಡಬ್ಬಿಯನ್ನು ರಖಮಾಬಾಯಿಯ ಮುಂದೆ ಹಿಡಿದೆ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಸಿಟ್ಟಿಗೇಳಬ್ಯಾಡ್ರಿ ಮಾಸ್ತರ. ಬಾಯಾರು ಓದಿ ಹೇಳಲಿ. ಆಮ್ಯಾಲ ಒತ್ತತೀನಿ."

ಹತ್ತೊಂಬತ್ತು ಜನರ ಮುಂದೆ, ನನ್ನ ವಿದ್ಯಾರ್ಥಿಗಳ ಮುಂದೆ, ಆ ಕಾಗದವನ್ನು ನೀಲಗಂಗಾಳಿಗೆ ಕೊಟ್ಟೆ. ಅವಳು ಓದಿದಳು. ಬೆರಳು ಒಂದು ಸಾಲಿನ ಮೇಲೆ ನಿಂತಿತು. ಅವಳು ಹತ್ತಿರ ಬಂದು ನನಗಷ್ಟೇ ಕೇಳುವಂತೆ ಮಾತಾಡಿದಳು.

"ಇವರಿಗೆ 'ನಾ ಮೋಸ ಮಾಡೀನಿ' ಅಂದ್ರಿ. ಸಾಹೇಬರಿಗೆ 'ಗೈರಸಮಜ ಝಾಲಾ' ಅಂತ ಬರದೀರಿ. ಯಾರಿಗ್ರಿ ತಪ್ಪು ತಿಳುವಳಿಕಿ ಆದದ್ದು?"

ನಾನು ಬೇಕೆಂದೇ ಬರೆದಿರಲಿಲ್ಲ. ಕೈ ತಾನಾಗಿ ಬರೆದಿತ್ತು. ಅದೇ ಹೆಚ್ಚು ನಾಚಿಕೆಯ ಸಂಗತಿ. ಅವಳು ತನ್ನ ಪೆನ್ನಿನ ಟೋಪಿ ತೆಗೆದು ನನ್ನ ಕಡೆ ಚಾಚಿದಳು. ಆ ಸಾಲನ್ನು ಹೊಡೆದುಹಾಕಿ, ಈ ತಾಯಂದಿರಿಂದ ಸತ್ಯವನ್ನು ಮುಚ್ಚಿಟ್ಟು ಹೆಬ್ಬೆಟ್ಟು ಪಡೆದವನು ನಾನು ಎಂದು ಬರೆದು, ಕೆಳಗೆ ಹೆಸರು ಹಾಕಿದೆ. ಅವಳು ಅದನ್ನು ಗಟ್ಟಿಯಾಗಿ ಓದಿ ಹೇಳಿದಳು. ರಖಮಾಬಾಯಿ ಒತ್ತಿದಳು, ಉಳಿದವರು ಒಬ್ಬೊಬ್ಬರಾಗಿ ಒತ್ತಿದರು.

ರಸ್ತೆಯವರೆಗೆ ಅವಳ ಹಿಂದೆ ನಡೆದೆ. ಪೆನ್ನು ಇನ್ನೂ ನನ್ನ ಕೈಯಲ್ಲೇ ಇತ್ತು. ನಿಮ್ಮನ್ನು ಮೆಚ್ಚಿದ್ದೇನೆ ಎನ್ನುವ ಹಕ್ಕು ಈಗ ನನಗಿಲ್ಲ, ಆದರೂ ಅದೊಂದು ಮಾತ್ರ ಮೊದಲ ದಿನದಿಂದ ಸುಳ್ಳಾಗಿರಲಿಲ್ಲ ಎಂದು ಹೇಳಿದೆ. ನೆಲಕ್ಕೇ ಹೇಳಿದೆ.

ಅವಳು ನಡೆಯುವುದನ್ನು ನಿಲ್ಲಿಸಿದಳು. ಬೆರಳ ಸಂದಿಗೆ ಹತ್ತಿದ ಶಾಯಿಯನ್ನು ಬೇವಿನ ಎಲೆಯಿಂದ ತಿಕ್ಕುತ್ತಿದ್ದಳು.

"ಪೆನ್ನು ಇಟಗೋರಿ," ಎಂದಳು. "ರವಿವಾರ ನಮ್ಮ ಮನೀಗೆ ಬರ್ರಿ. ಅಪ್ಪಾರಿಗೆ ಅದರಲೇ ಒಂದು ಅರ್ಜ ಬರದುಕೊಂಡು. ಕೊಡೂದರ ಮೊದಲ ನಾ ಓದತೀನಿ."

ನಾನು ತಲೆ ಎತ್ತಲಾರದೆ ನಿಂತೆ.

"ಮಾಸ್ತರ," ಎಂದಳು, ಆ ಹಳೆಯ ನಗೆ ದನಿಗೆ ಮರಳಿತ್ತು. "ಈಗರೆ ತಲಿ ಎತ್ತರಿ. ಬಸ್ ಬಂತು."